ಅಂಗಳದ ಅಕೇಶಿಯಾ: ಕಡಿದರೂ ಮುಗಿಯದ ತೊಂದರೆಯ ಮೂಲ ಪತ್ತೆ ಮಾಡುವ ಬಗೆ

ಮರವನ್ನು ಕಡಿಸಿ, ಕಟ್ಟಿಗೆ ಸಾಗಿಸಿ, ಅಂಗಳವನ್ನು ಗುಡಿಸಿ ಚೊಕ್ಕಟ ಮಾಡಿದ ಮೇಲೆ ಬಂದ ಮೊದಲ ಮಳೆಗಾಲದಲ್ಲೇ ಅದೇ ಮರದ ಸಸಿಗಳು ಹುಲ್ಲಿನಂತೆ ಎದ್ದು ನಿಂತಿವೆ ಎಂಬ ದೂರನ್ನು ಮಂಗಳೂರು ಮತ್ತು ಉಡುಪಿಯ ಪದವುಗಳಲ್ಲಿ, ಅಂದರೆ ಮೇಲೆ ಸಮತಟ್ಟಾದ ಗುಡ್ಡೆಗಳಲ್ಲಿ, ಮನೆ ಕಟ್ಟಿಕೊಂಡವರಿಂದ ಪದೇ ಪದೇ ಕೇಳುತ್ತೇನೆ. ಮರದ ಹೆಸರು ಅಕೇಶಿಯಾ. ತೊಂದರೆ ಕಂಡೊಡನೆ ಗರಗಸದವರನ್ನು ಕರೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆದರೆ ದೋಷದ ಹೆಚ್ಚಿನ ಪಾಲು ಅಡಗಿರುವುದು ಕಾಂಡದ ಸುತ್ತಲಿನ ಎರಡು ಇಂಚು ಮೇಲ್ಮಣ್ಣಿನಲ್ಲಿ. ಅದನ್ನು ಪರೀಕ್ಷಿಸದೆ ಮರ ಕಡಿದರೆ ತೊಂದರೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಇದು ನನಗೆ ಗೊತ್ತಾದದ್ದು ನಮ್ಮದೇ ಅಂಗಳದಲ್ಲಿ. ಮಂಗಳೂರಿನ ಹೊರವಲಯದ ಪದವೊಂದರ ಅಂಚಿನಲ್ಲಿರುವ ನಮ್ಮ ಮನೆಯ ಪಡುವಣ ಮೂಲೆಯಲ್ಲಿ ಎರಡು ಅಕೇಶಿಯಾ ಮರಗಳಿದ್ದವು. ಒಂದು ಮೇ ತಿಂಗಳಲ್ಲಿ ಅವನ್ನು ಕಡಿಸಿದೆವು. ಕಡಿಯಲು ಬಂದವರು ದೊಡ್ಡ ಕಟ್ಟಿಗೆಯನ್ನು ಒಯ್ದು, ರೆಂಬೆ ತರಗೆಲೆಗಳನ್ನು ಅಲ್ಲಿಯೇ ರಾಶಿ ಹಾಕಿ ಬೆಂಕಿ ಕೊಟ್ಟರು, ನಾನೂ ಬೇಡವೆನ್ನಲಿಲ್ಲ. ಜೂನ್ ತಿಂಗಳ ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಬೂದಿಯ ನಡುಭಾಗ ಬೋಳಾಗಿಯೇ ಉಳಿದು, ಅದರ ಅಂಚಿನ ಸುತ್ತ ಬಳೆ ತೊಡಿಸಿದಂತೆ ಹಸಿರು ಎದ್ದಿತು. ಆ ಬಳೆಯ ಒಂದು ಚದರ ಅಡಿಯಲ್ಲಿ 26 ಸಸಿಗಳನ್ನು ಎಣಿಸಿದೆ. ಬೆಂಕಿಯ ನಡುವೆ ಬೀಜ ಸುಟ್ಟು ಸತ್ತಿತ್ತು. ಅಂಚಿನಲ್ಲಿ ಹದವಾದ ಬಿಸಿ ತಾಗಿ ಬೀಜದ ಗಟ್ಟಿ ಸಿಪ್ಪೆ ಸಡಿಲಗೊಂಡಿತ್ತು. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಆ ಬಳೆಯಿಂದ ಆರಂಭವಾದವು.

ಮರದ ಸ್ವಭಾವ

ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಎಂಬ ಈ ಜಾತಿಯ ತವರು ಉತ್ತರ ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಮತ್ತು ಇಂಡೋನೇಷ್ಯಾ. ಭಾರತಕ್ಕೆ ಇದು 1946ರಲ್ಲಿ ಪಶ್ಚಿಮ ಬಂಗಾಳದ ಮೂಲಕ ಬಂತು. ನಮ್ಮ ಕರಾವಳಿಯ ಬೋಳು ಗುಡ್ಡೆಗಳಲ್ಲಿ 1980ರ ದಶಕದ ಸಾಮಾಜಿಕ ಅರಣ್ಯ ಕಾರ್ಯಕ್ರಮಗಳ ಕಾಲದಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ನೆಡಲಾಯಿತು. ಆಗ ಇದನ್ನು ಆರಿಸಿದ್ದಕ್ಕೆ ಕಾರಣಗಳಿದ್ದವು. ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ನೆರವಿನಿಂದ ಇದು ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತದೆ. ಆದ್ದರಿಂದ ಹುಳಿಯಾದ, ಸಾರವಿಲ್ಲದ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿಯೂ ವೇಗವಾಗಿ ಬೆಳೆಯುತ್ತದೆ. ನಾವು ಎಲೆ ಎಂದು ಕರೆಯುವುದು ನಿಜವಾದ ಎಲೆಯಲ್ಲ, ಚಪ್ಪಟೆಯಾಗಿ ಅಗಲಿಸಿದ ಎಲೆತೊಟ್ಟು. ಅದು ದಪ್ಪವಾಗಿ, ಮೇಣದ ಲೇಪವಿದ್ದಂತೆ ನುಣುಪಾಗಿರುವುದರಿಂದ ಹೆದ್ದಾರಿ 66ರ ದೂಳನ್ನೂ ಲಾರಿಗಳ ಹೊಗೆಯನ್ನೂ ತಾಳಿಕೊಂಡು ವರ್ಷವಿಡೀ ಹಸಿರಾಗಿರುತ್ತದೆ. ದನಕರುಗಳೂ ಇದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಬಿಸಿಲಲ್ಲಿ ಬೆಂದ ಪದವಿಗೆ ನೆರಳು ಕೊಟ್ಟ ಮರವೆಂಬ ಗೌರವ ನನಗೆ ಇದರ ಮೇಲೆ ಈಗಲೂ ಇದೆ. ಆದರೆ ನೆಟ್ಟ ಜಾಗದಲ್ಲಿ ಇದನ್ನು ಬದುಕಿಸಿದ ಅದೇ ಗುಣಗಳು ನೆಡದ ಜಾಗದಲ್ಲಿಯೂ ಇದನ್ನು ಬದುಕಿಸುತ್ತವೆ. ಅಮೆರಿಕದ ಫ್ಲೋರಿಡಾದಲ್ಲಿ ಇದು ಆಕ್ರಮಣಕಾರಿ ಸಸ್ಯವೆಂದು ಗುರುತಾಗಿದೆ.

ಮೊದಲ ಪರೀಕ್ಷೆ: ಮರ ಅದೇ ಹೌದೇ?

ಜಾತಿ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ನಮ್ಮಲ್ಲಿ ಅಕೇಶಿಯಾ ಎಂಬ ಒಂದೇ ಹೆಸರಿನಲ್ಲಿ ಕನಿಷ್ಠ ಎರಡು ಮರಗಳು ಸೇರಿಕೊಂಡಿವೆ. ಕುಡುಗೋಲಿನಂತೆ ಬಾಗಿದ, ಎರಡು ಮೂರು ಸೆಂಟಿಮೀಟರ್ ಅಗಲದ ಎಲೆ ಮತ್ತು ಕಿವಿಯ ಹಾಗೆ ಸುರುಳಿ ಸುತ್ತಿದ ಕಾಯಿ ಇದ್ದರೆ ಅದು ಇಲ್ಲಿ ಹೇಳುತ್ತಿರುವ ಮರ; ಎಲೆ ಅಂಗೈಯಷ್ಟು ಅಗಲವಿದ್ದರೆ ಅದು ಅಕೇಶಿಯಾ ಮ್ಯಾಂಜಿಯಂ ಎಂಬ ಇನ್ನೊಂದು ಜಾತಿ. ಇವೆರಡರ ನಡುವೆ ತಾನಾಗಿ ಬೆರಕೆಯೂ ನಡೆಯುವುದರಿಂದ ನಡುವಿನ ಅಗಲದ ಎಲೆ ಕಂಡರೆ ಗಾಬರಿಪಡಬೇಕಿಲ್ಲ, ಎರಡಕ್ಕೂ ಕ್ರಮ ಹೆಚ್ಚುಕಡಿಮೆ ಒಂದೇ. ಹುಣಿಸೆಯಂಥ ನವಿರಾದ ಎಲೆ ಮತ್ತು ಗೊಂಚಲು ಗೊಂಚಲಾಗಿ ನೇತಾಡುವ ಚಪ್ಪಟೆ ಕಾಯಿಗಳಿದ್ದರೆ ಅದು ಮಧ್ಯ ಅಮೆರಿಕ ಮೂಲದ ಸುಬಾಬುಲ್. ಅದನ್ನು ಎಷ್ಟು ಸಲ ಕಡಿದರೂ ಬುಡದಿಂದ ಚಿಗುರುತ್ತದೆ. ಅಕೇಶಿಯಾದ ಬುಡಕ್ಕೆ ಆ ಶಕ್ತಿ ಕಡಿಮೆ. ಈ ಒಂದು ವ್ಯತ್ಯಾಸ ಮುಂದಿನ ಕೆಲಸವನ್ನೆಲ್ಲ ಬದಲಿಸುತ್ತದೆ.

ಸಸಿಗಳು ಎಲ್ಲಿಂದ ಏಳುತ್ತಿವೆ?

ಎರಡು ಬೆರಳು ಎತ್ತರದ ಸಸಿಯೊಂದನ್ನು ಮಳೆ ನಿಂತ ಮೇಲೆ, ಮಣ್ಣು ಮೆತ್ತಗಿರುವಾಗ, ನಿಧಾನವಾಗಿ ಎಳೆದು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಬೇಕು. ಬುಡದಲ್ಲಿ ಎರಡು ದಪ್ಪ ಬೀಜದೆಲೆಗಳಿರುತ್ತವೆ. ಅದರ ಮೇಲೆ ಬರುವ ಮೊದಲ ಕೆಲವು ಎಲೆಗಳು ನಾಚಿಕೆಮುಳ್ಳಿನ ಎಲೆಯ ಹಾಗೆ ಗರಿಗರಿಯಾಗಿರುತ್ತವೆ. ದೊಡ್ಡ ಮರದ ಎಲೆಗೂ ಇದಕ್ಕೂ ಹೋಲಿಕೆಯೇ ಇಲ್ಲದ್ದರಿಂದ ಹೆಚ್ಚಿನವರು ಇದನ್ನು ಬೇರೆ ಯಾವುದೋ ಕಳೆಯೆಂದು ಬಿಟ್ಟುಬಿಡುತ್ತಾರೆ. ಇನ್ನೂ ಸ್ವಲ್ಪ ದೊಡ್ಡ ಸಸಿಯಲ್ಲಿ ಒಂದು ಎಲೆಯ ತೊಟ್ಟು ಅಗಲಿಸಿ ಕುಡುಗೋಲಿನ ಆಕಾರ ತಾಳಿ, ಅದರ ತುದಿಯಲ್ಲಿ ಮಾತ್ರ ಹಳೆಯ ಗರಿ ಉಳಿದುಕೊಂಡಿರುವುದು ಕಾಣುತ್ತದೆ. ತೊಟ್ಟೇ ಎಲೆಯಾಗುವ ಆ ಹೊತ್ತನ್ನು ಒಂದೇ ಗಿಡದಲ್ಲಿ ಕಣ್ಣಾರೆ ನೋಡಬಹುದು. ಇಂಥ ಸಸಿಯೊಂದನ್ನು ಒಮ್ಮೆ ನೋಡಿದವರು ಮತ್ತೆ ಗುರುತು ತಪ್ಪುವುದಿಲ್ಲ.

ಬೇರು ನೇರ ಕೆಳಗಿಳಿದಿದ್ದರೆ ಸಸಿ ಬೀಜದಿಂದ ಬಂದದ್ದು. ಎಳೆದಾಗ ಅದು ಅಡ್ಡ ಹರಿದ ದಪ್ಪ ಬೇರೊಂದಕ್ಕೆ ಅಂಟಿಕೊಂಡಿದ್ದರೆ ಅದು ಬೇರುಚಿಗುರು. ಅಂಥ ಚಿಗುರು ಆಕಾಶಮಲ್ಲಿಗೆಯಂಥ ಮರಗಳ ಲಕ್ಷಣವೇ ಹೊರತು ಸಾಮಾನ್ಯವಾಗಿ ಅಕೇಶಿಯಾದ್ದಲ್ಲ. ಆ ಸಂದರ್ಭದಲ್ಲಿ ಮೊದಲ ಪರೀಕ್ಷೆಗೆ ಮರಳಿ ಮರದ ಗುರುತನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು.

ಬೀಜದ ಸಸಿಯೆಂದು ಖಚಿತವಾದ ಮೇಲೆ ಅವು ಹರಡಿರುವ ರೀತಿಯನ್ನು ಗಮನಿಸಬೇಕು, ಏಕೆಂದರೆ ಮೂಲ ತಿಳಿಯುವುದು ಅದರಿಂದಲೇ. ಕಡಿದ ಮರದ ನೆರಳು ಬೀಳುತ್ತಿದ್ದ ವಲಯದಲ್ಲಿ ಮಾತ್ರ ದಟ್ಟವಾಗಿದ್ದರೆ ಅದು ಮಣ್ಣಿನಲ್ಲಿ ಹಿಂದಿನಿಂದ ಉಳಿದ ಬೀಜ. ಪಾಗಾರದ (ಕಾಂಪೌಂಡ್ ಗೋಡೆಯ) ಉದ್ದಕ್ಕೂ, ತಂತಿಯ ಕೆಳಗೆ, ಹೂಕುಂಡಗಳಲ್ಲಿ ಚದುರಿ ಎದ್ದಿದ್ದರೆ ಹಕ್ಕಿಗಳು ತಂದ ಬೀಜ. ಒಣಗಿ ಒಡೆದ ಕಾಯಿಯಿಂದ ಹೊಳೆಯುವ ಕಪ್ಪು ಬೀಜವೊಂದು ಕಿತ್ತಳೆ ಬಣ್ಣದ ಮಡಿಕೆ ಮಡಿಕೆಯ ದಾರದಲ್ಲಿ ತೂಗುತ್ತಿರುತ್ತದೆ. ಆ ದಾರದ ಆಸೆಗೆ ಬರುವ ಹಕ್ಕಿಗಳು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಇನ್ನು, ತಗ್ಗು ತುಂಬಿಸಲು ಲಾರಿಯಲ್ಲಿ ತಂದು ಸುರಿದ ಕೆಂಪುಮಣ್ಣಿನ ಮೇಲೆ ಮಾತ್ರ ಸಸಿಗಳೆದ್ದಿದ್ದರೆ ಬೀಜ ಬೇರೊಂದು ಗುಡ್ಡೆಯಿಂದ ಮಣ್ಣಿನ ಜೊತೆಗೇ ಬಂದಿದೆ. ಈಗ ನಮ್ಮ ಕಡೆ ಗುಡ್ಡೆ ಅಗೆದು ಬಯಲು ತುಂಬಿಸುವ ಕೆಲಸ ಎಡೆಬಿಡದೆ ನಡೆಯುತ್ತಿರುವುದರಿಂದ ಈ ಮೂರನೆಯ ದಾರಿಯನ್ನು ಕಡೆಗಣಿಸಬಾರದು; ಅಕೇಶಿಯಾ ಮರವೇ ಇಲ್ಲದ ಗದ್ದೆಬಯಲಿನ ನಿವೇಶನಗಳಿಗೆ ಅದು ಹೀಗೆಯೇ ತಲುಪುತ್ತದೆ.

ಮಣ್ಣಿನಲ್ಲಿರುವ ಬೀಜದ ಲೆಕ್ಕ

ಮರ ಕಡಿಯುವ ಮೊದಲು ಮಾಡಲೇಬೇಕಾದ ಪರೀಕ್ಷೆ ಇದು. ಖರ್ಚೇನೂ ಇಲ್ಲ. ಕಾಂಡದಿಂದ ಆರು ಅಡಿ ದೂರದಲ್ಲಿ ಒಂದು ಚದರ ಅಡಿ ಗುರುತು ಮಾಡಿ, ಮೇಲಿನ ತರಗೆಲೆಯನ್ನು ಸರಿಸಿ, ಎರಡು ಇಂಚು ಆಳದವರೆಗಿನ ಮಣ್ಣನ್ನು ಕೆರೆದು ಬಕೆಟಿಗೆ ಹಾಕಬೇಕು. ಅದನ್ನು ಒಣಗಿಸಿ ಅಕ್ಕಿ ಜರಡಿಯಲ್ಲಿ ಆಡಿಸಿದರೆ ಐದಾರು ಮಿಲಿಮೀಟರ್ ಉದ್ದದ, ಚಪ್ಪಟೆಯಾದ ಕಪ್ಪು ಬೀಜಗಳು ಬೇರೆಯಾಗುತ್ತವೆ. ಇಂಥದ್ದೇ ಮಾದರಿಯನ್ನು ಹನ್ನೆರಡು ಅಡಿ ದೂರದಿಂದಲೂ, ಮಳೆನೀರು ಹರಿದು ಹೋಗುವ ತೋಡಿನ ಬದಿಯಿಂದಲೂ ತೆಗೆದು ಹೋಲಿಸಬೇಕು.

ಸಿಕ್ಕಿದ ಬೀಜಗಳು ಜೀವಂತವಾಗಿವೆಯೇ ಎಂದು ತಿಳಿಯಲು ಅವನ್ನು ಸ್ಟೀಲ್ ಲೋಟದಲ್ಲಿ ಹಾಕಿ, ಕುದಿಯುತ್ತಿರುವ ನೀರನ್ನು ಒಲೆಯಿಂದ ಇಳಿಸಿದ ಕೂಡಲೇ ಅದರ ಮೇಲೆ ಹೊಯ್ದು, ಹಾಗೆಯೇ ತಣಿಯಲು ಬಿಟ್ಟು 24 ಗಂಟೆ ನೆನೆಹಾಕಬೇಕು. ಒಲೆಯ ಮೇಲಿಟ್ಟು ಕುದಿಸಬಾರದು, ಕುದಿಸಿದರೆ ಬೀಜ ಸಾಯುತ್ತದೆ. ಮಾರನೆಯ ದಿನ ಕೆಲವು ಬೀಜಗಳು ಉಬ್ಬಿ ಇಮ್ಮಡಿಯಾಗಿ, ಕಪ್ಪು ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಒಂದೆರಡು ವಾರದೊಳಗೆ ಅವು ಮೊಳೆಯುತ್ತವೆ. ಉಬ್ಬದೆ ಗಟ್ಟಿಯಾಗಿ ಉಳಿದವನ್ನು ಸತ್ತವೆಂದು ಎಸೆಯಬೇಡಿ. ಉಗುರು ಕತ್ತರಿಯಿಂದ ಸಿಪ್ಪೆಯ ಅಂಚನ್ನು ಚೂರು ಕತ್ತರಿಸಿ ಮತ್ತೆ ನೆನೆಹಾಕಿದರೆ ಅವುಗಳಲ್ಲಿಯೂ ಹಲವು ಉಬ್ಬುತ್ತವೆ. ನೀರು ಒಳಗಿಳಿಯಲು ಬಿಡದ ಈ ಸಿಪ್ಪೆಯಿಂದಾಗಿಯೇ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕುಳಿತಿರುತ್ತದೆ, ಬೆಂಕಿಯೋ ಬಿಸಿಲೋ ಸಿಪ್ಪೆಯನ್ನು ಸಡಿಲಿಸಿದ ವರ್ಷ ಒಮ್ಮೆಲೇ ಏಳುತ್ತದೆ.

ಇಲ್ಲಿಗೆ ಮೂಲ ದೋಷದ ಚಿತ್ರ ಪೂರ್ಣವಾಗುತ್ತದೆ. ಅಕೇಶಿಯಾ ಸಸಿಗೆ ಬೆಳಕು ಬೇಕೇ ಬೇಕು, ನೆರಳಿನಲ್ಲಿ ಅದು ಸೊರಗುತ್ತದೆ. ತಾಯಿಮರ ನಿಂತಿರುವಷ್ಟು ಕಾಲ ಅದರ ನೆರಳೂ ತರಗೆಲೆಯ ಹಾಸೂ ಬೀಜವನ್ನು ತಡೆದಿಟ್ಟಿರುತ್ತವೆ. ಬೇಸಿಗೆಯಲ್ಲಿ ಮರ ಕಡಿದು, ನೆಲವನ್ನು ಬೋಳು ಮಾಡಿ, ಬೆಂಕಿ ಹಾಕಿದಾಗ ಬಿಸಿ, ಬೆಳಕು ಮತ್ತು ಮಳೆ ಮೂರನ್ನೂ ಸರಿಯಾದ ಕ್ರಮದಲ್ಲಿ ಬೀಜಕ್ಕೆ ನಾವೇ ಒದಗಿಸಿದಂತಾಗುತ್ತದೆ.

ಬುಡವೇ ಚಿಗುರುತ್ತಿದ್ದರೆ

ಈ ಮರದ ಬುಡವನ್ನು ಮೊಣಕಾಲಿಗೋ ಸೊಂಟಕ್ಕೋ ಸಮನಾಗಿ ಕಡಿದು ಬಿಟ್ಟಾಗ ಚಿಗುರುವ ಸಂಭವ ಹೆಚ್ಚು, ನೆಲಕ್ಕೆ ತಾಗುವಂತೆ ಕಡಿದಾಗ ಕಡಿಮೆ. ಗರಗಸದವರು ಎತ್ತರದಲ್ಲಿ ಕೊಯ್ಯಲು ಇಷ್ಟಪಡುವುದಕ್ಕೆ ಕಾರಣವಿದೆ: ಬುಡದ ತೊಗಟೆಯಲ್ಲಿ ಸಿಕ್ಕಿಕೊಂಡ ಮರಳು, ಮುರಕಲ್ಲಿನ ಚೂರು ಗರಗಸದ ಹಲ್ಲನ್ನು ಮೊಂಡು ಮಾಡುತ್ತವೆ. ಬುಡದ ಸುತ್ತ ಅರ್ಧ ಅಡಿ ಮಣ್ಣು ಬಿಡಿಸಿ, ತೊಗಟೆಯನ್ನು ಕತ್ತಿಯಿಂದ ಹೆರೆದು ತೊಳೆದು ಕೊಟ್ಟರೆ ಅವರು ತಗ್ಗಾಗಿ ಕೊಯ್ಯಲು ಒಪ್ಪುತ್ತಾರೆ. ಆಮೇಲೂ ಚಿಗುರು ಬಂದರೆ ಎರಡು ವಾರಕ್ಕೊಮ್ಮೆ ಮುರಿದು ಹಾಕುತ್ತಿದ್ದರೆ ಸಾಕು. ಬುಡಕ್ಕೆ ಡೀಸೆಲ್, ಉಪ್ಪು ಅಥವಾ ಕಳೆನಾಶಕ ಸುರಿಯುವ ಸಲಹೆಯನ್ನು ಬಾವಿಯಿರುವ ಯಾವ ಅಂಗಳದಲ್ಲಿಯೂ ಪಾಲಿಸಬಾರದು. ಮುರಕಲ್ಲು ಜರಡಿಯಂತೆ ತೂತು ತೂತಾದ ಕಲ್ಲು. ಮೇಲೆ ಸುರಿದದ್ದು ಬಾವಿಗೆ ಇಳಿಯಲು ಹೆಚ್ಚು ದಿನ ಬೇಕಾಗುವುದಿಲ್ಲ.

ಪಾಗಾರ ಉಬ್ಬಿದರೆ, ಬಾವಿ ಬತ್ತಿದರೆ

ಇವೆರಡೂ ದೂರುಗಳಲ್ಲಿ ಅಕೇಶಿಯಾದ ಮೇಲೆ ತಪ್ಪು ಹೊರಿಸುವುದನ್ನೇ ಹೆಚ್ಚಾಗಿ ಕಂಡಿದ್ದೇನೆ. ಇದರ ಬೇರು ಮೇಲ್ಮಟ್ಟದಲ್ಲಿ ದಟ್ಟವಾಗಿ ಹರಡುವುದು ನಿಜ, ಅಂಗಳಕ್ಕೆ ಹಾಸಿದ ಇಂಟರ್‌ಲಾಕ್ ಕಲ್ಲುಗಳನ್ನು ಎಬ್ಬಿಸುವುದೂ ನಿಜ. ಆದರೆ ಪಾಗಾರದ ಉಬ್ಬು ಹತ್ತಿಪ್ಪತ್ತು ಅಡಿ ಉದ್ದಕ್ಕೆ, ಗೋಡೆಯ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಸಮನಾಗಿ ಚಾಚಿಕೊಂಡಿದ್ದರೆ ಅದು ಹಿಂದಿನ ಮಣ್ಣಿನಲ್ಲಿ ನಿಂತ ಮಳೆನೀರಿನ ಒತ್ತಡ. ಗೋಡೆಯಲ್ಲಿ ನೀರು ಹೊರಬರಲು ಕಿಂಡಿಗಳನ್ನು ಬಿಟ್ಟಿದ್ದಾರೆಯೇ, ಬಿಟ್ಟಿದ್ದರೆ ಅವು ಮುಚ್ಚಿಹೋಗಿವೆಯೇ ಎಂದು ಮೊದಲು ನೋಡಬೇಕು. ಬೇರಿನಿಂದಾದ ಉಬ್ಬು ಕಾಂಡದ ಎದುರಿಗೆ ಮಾತ್ರ, ಎರಡು ಮೂರು ಕಲ್ಲುಗಳಷ್ಟು ಅಗಲದಲ್ಲಿರುತ್ತದೆ. ಅನುಮಾನವಿದ್ದರೆ ಉಬ್ಬಿನ ಹಿಂದೆ ಒಂದೂವರೆ ಅಡಿ ಆಳದ ಸಣ್ಣ ಗುಂಡಿ ತೆಗೆದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಬೇರು ಸಿಕ್ಕಿದರೂ ಅವಸರದಲ್ಲಿ ಕಡಿಯಬಾರದು. ಕಾಂಡದ ವ್ಯಾಸದ ಮೂರು ಪಟ್ಟಿಗಿಂತ ಹತ್ತಿರದಲ್ಲಿ ದಪ್ಪ ಬೇರನ್ನು ಕಡಿದ ಮರ ಮಳೆಗಾಲದ ಗಾಳಿಗೆ ನಿಲ್ಲುವ ಭರವಸೆಯಿಲ್ಲ.

ಬಾವಿಯ ವಿಷಯದಲ್ಲಿ ನೆಲದ ರಚನೆಯನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಪದವುಗಳಲ್ಲಿ ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿಮಣ್ಣು ಎಂಬ ಮೆತ್ತನೆಯ ಜೇಡಿ. ಮಳೆನೀರು ಮುರಕಲ್ಲಿನೊಳಗೆ ಬೇಗನೆ ಇಳಿಯುತ್ತದೆ, ಇಳಿದಷ್ಟೇ ಬೇಗ ಬದಿಗೆ ಹರಿದು ತಗ್ಗಿಗೆ ಸೇರುತ್ತದೆ. ಆದ್ದರಿಂದ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿಯೂ ಏಪ್ರಿಲ್ ಮೇ ತಿಂಗಳಲ್ಲಿ ಬಾವಿಗಳು ತಳ ಕಾಣುತ್ತವೆ. ಫೆಬ್ರವರಿಯಿಂದ ವಾರಕ್ಕೊಮ್ಮೆ ಹಗ್ಗಕ್ಕೆ ಗಂಟು ಹಾಕಿ ನೀರಿನ ಮಟ್ಟ ಅಳೆಯಬೇಕು, ಅಕೇಶಿಯಾ ಮರಗಳಿಲ್ಲದ ಕಡೆಯ ಎರಡು ಬಾವಿಗಳಲ್ಲಿಯೂ ಹಾಗೆಯೇ ಅಳೆಯಬೇಕು. ಎಲ್ಲವೂ ಒಂದೇ ವೇಗದಲ್ಲಿ ಇಳಿದರೆ ಅಂಗಳದ ಒಂದು ಮರವನ್ನು ಕಡಿದು ನೀರು ಉಳಿಸುವ ಆಸೆ ಬಿಡಬೇಕು. ಹತ್ತಿರದಲ್ಲಿ ಹೊಸ ಕೊಳವೆಬಾವಿ ಯಾವಾಗ ಕೊರೆಯಲಾಯಿತು ಎಂದು ವಿಚಾರಿಸುವುದು ಅದಕ್ಕಿಂತ ಉಪಯುಕ್ತ.

ಗಾಳಿ ಮಳೆಯ ಮೊದಲು

ಅಪಾಯದ ದೃಷ್ಟಿಯಿಂದ ನಿಜಕ್ಕೂ ಕಾಯಲಾಗದ ದೋಷವೆಂದರೆ ಕೊಂಬೆ. ವೇಗವಾಗಿ ಬೆಳೆದ ಈ ಮರದ ಕೊಂಬೆ ಸುಲಭವಾಗಿ ಮುರಿಯುತ್ತದೆ. ಪತ್ತನಾಜೆಗೆ ಮೊದಲೇ, ಅಂದರೆ ಮೇ ಕೊನೆಯ ವಾರದೊಳಗೆ, ಮರದ ಕೆಳಗೆ ನಿಂತು ಕವಲುಗಳನ್ನು ಒಂದೊಂದಾಗಿ ನೋಡಬೇಕು. ಎರಡು ಸಮದಪ್ಪದ ಕಾಂಡಗಳು ಇಕ್ಕಟ್ಟಾದ ಕೋನದಲ್ಲಿ ಕೂಡಿದ್ದು, ಕೂಡುವ ಜಾಗದಲ್ಲಿ ತೊಗಟೆ ಒಳಕ್ಕೆ ಮಡಿಚಿಕೊಂಡಿದ್ದರೆ ಅಲ್ಲಿ ಮರಕ್ಕೆ ಮರ ಬೆಸೆದಿರುವುದಿಲ್ಲ. ಒಂದು ಕಾಂಡವನ್ನು ತೆಗೆಸಿ ಭಾರ ಇಳಿಸಬೇಕು. ಮಳೆಗಾಲದಲ್ಲಿ ನಮ್ಮ ಗಾಳಿ ಕಡಲಿನ ಕಡೆಯಿಂದ ಬೀಸುವುದರಿಂದ, ದೊಡ್ಡ ಗಾಳಿಯ ಮರುದಿನ ಬುಡದ ಪಡುವಣ ಬದಿಯ ಮಣ್ಣಿನಲ್ಲಿ ಬಿಲ್ಲಿನಾಕಾರದ ಹೊಸ ಬಿರುಕು ಇದೆಯೇ ಎಂದು ನೋಡಬೇಕು. ಇದ್ದರೆ ಮರ ಬೇರುಸಹಿತ ಏಳುತ್ತಿದೆ ಎಂದರ್ಥ, ಆ ದಿನವೇ ಅದರ ಮೂಡಣ ಬದಿಯಿಂದ ಜನರನ್ನೂ ವಾಹನವನ್ನೂ ದೂರವಿಡಬೇಕು. ವಿದ್ಯುತ್ ತಂತಿಯ ಸಮೀಪದ ಕೊಂಬೆಯನ್ನು ಮೆಸ್ಕಾಂಗೆ ತಿಳಿಸಿ ವಿದ್ಯುತ್ ನಿಲ್ಲಿಸದೆ ಮುಟ್ಟಬಾರದು.

ಮಾಡಿನ ನೀರು ಹರಿಸುವ ದಂಬೆ ಎಲೆಯಿಂದ ಕಟ್ಟಿಕೊಳ್ಳುವ ದೂರಿಗೆ ದೀರ್ಘ ಪರೀಕ್ಷೆ ಬೇಕಿಲ್ಲ. ಈ ಎಲೆ ನಿಧಾನವಾಗಿ ಕೊಳೆಯುವುದರಿಂದ ತಾನಾಗಿ ಕರಗೀತೆಂದು ಕಾಯಬಾರದು. ಮಳೆಗೆ ಮೊದಲೊಮ್ಮೆ, ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳಲ್ಲಿ) ಇನ್ನೊಮ್ಮೆ ಗುಡಿಸಬೇಕು. ಗುಡಿಸಿದ ಎಲೆಯನ್ನು ಸುಡದೆ ತೆಂಗಿನ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ.

ಸರಿಪಡಿಸುವ ಕ್ರಮ

ಬೀಜದ ಲೆಕ್ಕ ಕಡಿಮೆ ಬಂದರೆ ಮರವನ್ನು ಒಮ್ಮೆಗೇ ತೆಗೆಯಬಹುದು. ಹೆಚ್ಚು ಬಂದರೆ ನನ್ನ ಸಲಹೆ ಬೇರೆ: ಮರವನ್ನು ಎರಡು ಮೂರು ವರ್ಷ ನಿಲ್ಲಲು ಬಿಟ್ಟು, ಅದರ ನೆರಳಿನಲ್ಲಿಯೇ ರೆಂಜೆ, ಸುರಹೊನ್ನೆ, ನೇರಳೆ, ಹೊಂಗೆಯಂಥ ನಮ್ಮ ನೆಲದ ಗಿಡಗಳನ್ನು ನೆಡಬೇಕು. ಪ್ರತಿ ವರ್ಷ ಕಾಯಿ ಹಸಿರಾಗಿರುವಾಗಲೇ, ಒಡೆದು ಬೀಜ ಉದುರುವ ಮೊದಲು, ರೆಂಬೆಗಳನ್ನು ಸವರಿಸಿ ಕಾಯಿಸಹಿತ ಸಾಗಿಸಬೇಕು. ಇದರಿಂದ ಹೊಸ ಬೀಜ ಸೇರುವುದು ನಿಲ್ಲುತ್ತದೆ, ಕೆಳಗಿನ ಗಿಡಗಳಿಗೆ ಸ್ವಲ್ಪ ಸ್ವಲ್ಪವೇ ಬೆಳಕು ಸಿಗುತ್ತದೆ. ಅವು ತಲೆಯೆತ್ತರ ಮೀರಿದ ಮೇಲೆ ಅಕೇಶಿಯಾವನ್ನು ನೆಲಮಟ್ಟಕ್ಕೆ ಕಡಿಸಿ, ಬೆಂಕಿ ಹಾಕದೆ, ಬಯಲಾದ ನೆಲಕ್ಕೆ ತೆಂಗಿನ ಮಡಲು ಹೊದಿಸಬೇಕು. ಕಡಿಯುವ ಮೊದಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯನ್ನು ಕೇಳಿಕೊಳ್ಳುವುದು ಅಗತ್ಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ಕೆಲವು ಜಾತಿಗಳಿಗೆ ವಿನಾಯಿತಿ ಇದ್ದರೂ, ನಮ್ಮ ಮರಕ್ಕೆ ಅದು ಅನ್ವಯಿಸುತ್ತದೆಂದು ನಾವೇ ತೀರ್ಮಾನಿಸುವುದು ಸರಿಯಲ್ಲ.

ಈಗಾಗಲೇ ಕಡಿದಾಗಿದ್ದರೆ ಉಳಿದಿರುವುದು ಕೀಳುವ ಕೆಲಸ. ಜುಲೈ ಆಗಸ್ಟಿನಲ್ಲಿ, ಗೇಣುದ್ದ ಮೀರುವ ಮೊದಲು, ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಸಿ ಬೇರುಸಹಿತ ಬರುತ್ತದೆ. ಮಳೆಗಾಲ ಮುಗಿಯುವವರೆಗೆ ಬಿಟ್ಟರೆ ಬೇರು ಮುರಕಲ್ಲಿನ ಸಂದಿ ಹಿಡಿದು, ಎಳೆದಾಗ ಮೇಲಿನ ಗಿಡ ಮಾತ್ರ ತುಂಡಾಗಿ ಕೈಗೆ ಬರುತ್ತದೆ. ಕಿತ್ತ ಜಾಗವನ್ನು ಗುದ್ದಲಿಯಿಂದ ಅಗೆದು ತಿರುವಬಾರದು, ಆಳದ ಬೀಜ ಮೇಲೆ ಬರುತ್ತದೆ.

ನಮ್ಮ ಅಂಗಳದಲ್ಲಿ ಈ ಕೆಲಸ ಆರಂಭಿಸಿ ಇದು ನಾಲ್ಕನೆಯ ಮಳೆಗಾಲ. ಮೊದಲು 26 ಸಸಿ ಎಣಿಸಿದ ಅದೇ ಚದರ ಅಡಿಯಲ್ಲಿ ಈ ಆಟಿಯಲ್ಲಿ 3 ಸಿಕ್ಕಿದವು. ಪಾಗಾರದ ತೆಂಕುಬದಿಯಲ್ಲಿ ಮಾತ್ರ ಹಿಂದೆ ಇಲ್ಲದ ಕಡೆ ಹೊಸದಾಗಿ ಹನ್ನೊಂದು ಎದ್ದಿವೆ, ಮತ್ತು ಅವು ಪಕ್ಕದ ಖಾಲಿ ನಿವೇಶನದಿಂದ ನಮ್ಮತ್ತ ಚಾಚಿರುವ ಕೊಂಬೆಯ ನೇರ ಕೆಳಗಿವೆ. ಆ ನಿವೇಶನದವರ ಒಪ್ಪಿಗೆ ಸಿಕ್ಕಿದೆ. ಈ ಸಲದ ಕಾಯಿ ಹಸಿರಾಗಿರುವಾಗಲೇ ಆ ಕೊಂಬೆಯನ್ನು ಇಳಿಸುವುದೆಂದು ಗೊತ್ತುಮಾಡಿದ್ದೇವೆ.